ಹನ್ನೆರಡು ಅಂಕದ ಹಡಗು

ಹಲ್ಲಿನ ಡಾಕ್ಟರ್ ನಂದೀಶನ ಮೇಲೆ ಆ ಶನಿವಾರ ಬಂದೆರಗಿದ ಅನಾಹುತಕ್ಕೆಲ್ಲ ಮೂಲ ಒಂದು ಬಿಳಿ ಹಾಳೆ. ಅದರ ಒಕ್ಕಣೆ ಹೇಳಿ ಬರೆಸಿದವನು ಅವನೇ. ಪಕ್ಕದ ಶ್ರೀಹರಿಯ ಜೆರಾಕ್ಸ್ ಅಂಗಡಿಯಲ್ಲಿ ದಪ್ಪಕ್ಷರದಲ್ಲಿ ಪ್ರಿಂಟ್ ಹಾಕಿಸಿದವನು ಅವನೇ. ಬೆಳಿಗ್ಗೆ ಒಂಬತ್ತಕ್ಕೆ ಚಾಮರಾಜಪೇಟೆಯ ತನ್ನ ಕ್ಲಿನಿಕ್ಕಿನ ಗಾಜಿನ ಬಾಗಿಲಿಗೆ ನಾಲ್ಕು ಮೂಲೆಗೂ ಟೇಪು ಅಂಟಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಮೆಚ್ಚಿಕೊಂಡವನೂ ಅವನೇ. ಬೇರೆ ಯಾರನ್ನೂ ದೂರುವ ಹಾಗಿರಲಿಲ್ಲ.

ಹಾಳೆಯ ಮೇಲೆ ಹೀಗಿತ್ತು: ‘ಡಾಕ್ಟರು ಹೆಚ್ಚಿನ ಕಲಿಕೆಗಾಗಿ ತೆರಳುತ್ತಿರುವುದರಿಂದ ನಾಳೆಯಿಂದ ಆರು ದಿನ ಚಿಕಿತ್ಸಾಲಯ ಮುಚ್ಚಿರುತ್ತದೆ.’

ಸುಳ್ಳೇನಲ್ಲ. ಹಲ್ಲಿನ ಡಾಕ್ಟರುಗಳು ಕಾಲಕಾಲಕ್ಕೆ ತರಗತಿಗಳಲ್ಲಿ ಕೂತು ಅಂಕ ಸಂಪಾದಿಸಿ, ಅವರ ಹೆಸರುಗಳ ಪಟ್ಟಿ ಇಟ್ಟುಕೊಂಡಿರುವ ಕೌನ್ಸಿಲ್ಲಿಗೆ ತೋರಿಸಬೇಕು. ತೋರಿಸಿದರೆ ಮಾತ್ರ ಅವರ ನೋಂದಣಿ ನವೀಕರಣವಾಗುತ್ತದೆ. ನಂದೀಶನ ನೋಂದಣಿ ಡಿಸೆಂಬರ್ ಮೂವತ್ತೊಂದಕ್ಕೆ ಮುಗಿಯುವುದಿತ್ತು. ‘ಮಾಡಿದರಾಯ್ತು’ ಅಂತ ವರ್ಷಗಟ್ಟಲೆ ಮುಂದೂಡುತ್ತ ಬಂದವನು ನವೆಂಬರಿನಲ್ಲಿ ಕೂಡಿಸಿ ನೋಡಿದರೆ ಹನ್ನೆರಡು ಅಂಕ ಕಡಿಮೆ. ಅಷ್ಟು ಹೊತ್ತಿಗೆ ಊರಿನ ತರಗತಿಗಳೆಲ್ಲ ಮುಗಿದು, ಮುಂದಿನದು ಜನವರಿಗೆ ಅಂತ ಗೊತ್ತಾಯಿತು. ಜನವರಿ ಒಂದರಿಂದ ಕ್ಲಿನಿಕ್ಕಿನ ಬಾಗಿಲು ತೆಗೆಯುವ ಹಾಗಿಲ್ಲ ಎಂದುಕೊಂಡು ಎರಡು ದಿನ ಅವನಿಗೆ ಊಟ ಸೇರಲಿಲ್ಲ.

ಅಂಥ ಹೊತ್ತಿನಲ್ಲಿ ಬಂದದ್ದು ದಂತವೈದ್ಯರ ಬಳಗದ ಕಾರ್ಯದರ್ಶಿ ಡಾಕ್ಟರ್ ನಿತೀಶರ ಪ್ರಕಟಣೆ. ಮುಂಬಯಿಯಿಂದ ಲಕ್ಷದ್ವೀಪಕ್ಕೆ ಹೋಗಿ ಬರುವ ದೊಡ್ಡ ಹಡಗು. ಬೆಳಿಗ್ಗೆ ಎರಡೆರಡು ಗಂಟೆ ಇಂಪ್ಲಾಂಟ್ ಬಗ್ಗೆ ಉಪನ್ಯಾಸ, ಉಳಿದ ಹೊತ್ತೆಲ್ಲ ಸಮುದ್ರ. ಜೊತೆಯಲ್ಲಿ ಮನೆಯವರನ್ನೂ ಕರೆತರಬಹುದು. ಕಾಗದದ ಎಡಗಡೆ ದವಡೆಯ ಎಕ್ಸ್‌ರೇ, ಬಲಗಡೆ ಈಜುಕೊಳ. ಕೆಳಗೆ, ಹಾಜರಾದವರಿಗೆ ಹನ್ನೆರಡು ಅಂಕ. ಸರಿಯಾಗಿ ಹನ್ನೆರಡು! ನಂದೀಶ ಆ ಗಳಿಗೆಯಲ್ಲೇ ಇಬ್ಬರ ಹೆಸರೂ ಕೊಟ್ಟುಬಿಟ್ಟ.

ಆಮೇಲೆ ಅವನು ತನ್ನ ಬುದ್ಧಿವಂತಿಕೆ ಉಪಯೋಗಿಸಿದ. ಹೆಂಡತಿ ಮೀನಾಗೆ ಹಡಗಿನ ವಿಷಯ ಮಾತ್ರ ಹೇಳಿದ, ತರಗತಿಯದ್ದು ಹೇಳಲಿಲ್ಲ. ಬೀದಿಯವರಿಗೆ ತರಗತಿಯ ವಿಷಯ ಮಾತ್ರ ಹೇಳಿದ, ಹಡಗಿನದ್ದು ಹೇಳಲಿಲ್ಲ.

ಎರಡಕ್ಕೂ ಕಾರಣವಿತ್ತು. ಆರು ವರ್ಷದ ಹಿಂದೆ ‘ಸುತ್ತಾಡಿಕೊಂಡು ಬರೋಣ’ ಅಂತ ಮೀನಾಳನ್ನು ದಾವಣಗೆರೆಗೆ ಕರೆದುಕೊಂಡು ಹೋಗಿ, ಅಲ್ಲಿ ಎರಡು ದಿನ ಸಮ್ಮೇಳನದಲ್ಲಿ ಕೂತುಬಿಟ್ಟಿದ್ದ. ಪಾಪ, ಅವಳು ಹೋಟೆಲ್ ರೂಮಿನ ಕಿಟಕಿಯಿಂದ ಬಸ್‌ಸ್ಟ್ಯಾಂಡ್ ನೋಡುತ್ತ ಎರಡು ದಿನ ಕಳೆದಳು. ಅಂದಿನಿಂದ ಆ ಮನೆಯಲ್ಲಿ ಸಮ್ಮೇಳನ ಎಂಬ ಪದವನ್ನು ಯಾರೂ ಬಾಯಿಬಿಟ್ಟು ಆಡುವಂತಿರಲಿಲ್ಲ. ಇನ್ನು ಬೀದಿಯವರ ಮಾತು. ಅರ್ಧ ಕೊರೆದ ಹಲ್ಲು, ಅರ್ಧ ತುಂಬಿದ ಹಲ್ಲು ಇಟ್ಟುಕೊಂಡಿರುವ ಜನಕ್ಕೆ ‘ನಾನು ಹಡಗಿನಲ್ಲಿ ಗಾಳಿ ಕುಡಿಯೋಕೆ ಹೋಗ್ತೀನಿ’ ಎನ್ನುವ ಧೈರ್ಯ ಯಾವ ಡಾಕ್ಟರಿಗಿದೆ? ಇಬ್ಬರಿಗೂ ಅರ್ಧರ್ಧ ನಿಜ ಹೇಳಿದರೆ ಒಟ್ಟಿನಲ್ಲಿ ಪೂರ್ತಿ ನಿಜವನ್ನೇ ಹೇಳಿದಂತಾಯಿತಲ್ಲ ಎಂಬುದು ನಂದೀಶನ ಲೆಕ್ಕ. ಅಡ್ಡಿ ಬಂದರೆ ಮಾತಾಡಿ ಸರಿಮಾಡಬಲ್ಲೆ ಎಂಬ ನಂಬಿಕೆಯೂ ಇತ್ತು. ಇಪ್ಪತ್ತೆರಡು ವರ್ಷದಿಂದ ಜನರನ್ನು ಮಾತಿನಲ್ಲಿ ಮರೆಸುತ್ತಲೇ ಹಲ್ಲು ಕೀಳುತ್ತಿದ್ದವನು ಅವನು.

ಒಂಬತ್ತೂಕಾಲಿಗೆ ದೊಡ್ಡಬೈರಪ್ಪನವರು ಬಂದರು. ಅವರು ಆ ಕಟ್ಟಡದ ಮಾಲೀಕರು. ಚಾಮರಾಜಪೇಟೆಯಿಂದ ತ್ಯಾಗರಾಜನಗರದವರೆಗೆ ಅವರ ಕಟ್ಟಡಗಳು ಅಲ್ಲೊಂದು ಇಲ್ಲೊಂದು ಇದ್ದವು. ಎರಡು ಸಲ ಕಾರ್ಪೊರೇಷನ್ ಎಲೆಕ್ಷನ್ನಿಗೆ ನಿಂತು ಸೋತಿದ್ದರೂ ಅವರ ಜನಸೇವೆ ನಿಂತಿರಲಿಲ್ಲ. ಸೇವೆ ಎಂದರೆ ಹೆಚ್ಚಾಗಿ ಹೆಸರು ತೆಗೆಸುವುದು. ಬೀದಿಯ ಮೇಷ್ಟ್ರುಗಳ ಹೆಸರು ಎಲೆಕ್ಷನ್ ಡ್ಯೂಟಿಯ ಪಟ್ಟಿಯಲ್ಲಿ ಬಂದರೆ ಅವರು ಫೋನು ಮಾಡುತ್ತಿದ್ದರು, ಹೆಸರು ಹೋಗುತ್ತಿತ್ತು. ಹೈಸ್ಕೂಲು ಟೀಚರಾದ ಮೀನಾಳ ಹೆಸರನ್ನೂ ಹೋದ ಸಲ ಹಾಗೆಯೇ ತೆಗೆಸಿಕೊಟ್ಟಿದ್ದರು. ಈ ದಿನ ಅವರ ಕೆಳದವಡೆಯ ಹಲ್ಲಿಗೆ ರೂಟ್ ಕೆನಾಲ್‌ನ ಕೊನೆಯ ಕೆಲಸ ಬಾಕಿಯಿತ್ತು.

ಬಾಗಿಲಲ್ಲಿ ನಿಂತು ಹಾಳೆಯನ್ನು ಮೇಲಿನಿಂದ ಕೆಳಗೆ ಓದಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

“ಏನು ಕಲಿಯೋಕೆ ಹೋಗ್ತಿದೀರಿ ಡಾಕ್ಟ್ರೇ?”

“ಇಂಪ್ಲಾಂಟ್ ವಿಚಾರ ಸಾರ್. ಹೊಸ ಹಲ್ಲು ಕೂರಿಸೋದು.”

“ಅದು ನಿಮಗೆ ಬರಲ್ವಾ?”

“ಬರುತ್ತೆ ಸಾರ್. ಇನ್ನೂ ಹೆಚ್ಚಿಗೆ ಕಲಿಯೋದು.”

ದೊಡ್ಡಬೈರಪ್ಪನವರು ತಮ್ಮ ಬಲಗೆನ್ನೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. “ಎರಡು ವರ್ಷದ ಹಿಂದೆ ಇಲ್ಲಿ ಒಂದು ಕೂರಿಸಿದ್ರಲ್ಲ. ಅದು ಕಡಿಮೆ ಕಲಿತಿದ್ದಾಗ ಕೂರಿಸಿದ್ದಾ?”

ನಂದೀಶ ನಕ್ಕ. ಅವರು ನಗಲಿಲ್ಲ.

“ಹಾಗಲ್ಲ ಸಾರ್...”

“ನೀವು ಬೇಜಾರು ಮಾಡ್ಕೋಬೇಡಿ. ಕಲಿಯೋದು ಒಳ್ಳೇದೇ. ಇವತ್ತಿಂದು ಬಿಡಿ, ಆರು ದಿನ ತಾನೇ? ಕಲ್ತ್ಕೊಂಡು ಬನ್ನಿ, ಆಮೇಲೆ ನಿಧಾನಕ್ಕೆ ನೋಡೋಣ” ಎಂದು ಅವರು ಹೊರಟೇಬಿಟ್ಟರು. ಮೆಟ್ಟಿಲು ಇಳಿದವರು ನೇರ ಮನೆಗೆ ಹೋಗಿದ್ದರೆ ಚೆನ್ನಾಗಿತ್ತು. ಜೆರಾಕ್ಸ್ ಅಂಗಡಿಯ ಮುಂದೆ ನಿಂತರು.

ಶ್ರೀಹರಿಯ ಅಂಗಡಿಯೊಳಗೆ ಯಾವ ಕಾಗದ ಹೋದರೂ ಒಂದು ಪ್ರತಿ ಹೊರಗೆ ಬರುತ್ತಿತ್ತು, ಒಂದು ಅವನ ತಲೆಯೊಳಗೆ ಉಳಿಯುತ್ತಿತ್ತು. “ನಾನೇ ಪ್ರಿಂಟ್ ಹಾಕಿದ್ದು ಬೈರಪ್ಪನವರೇ. ಆವಾಗ್ಲೇ ಅಂದ್ಕೊಂಡೆ, ಇಷ್ಟು ವರ್ಷ ಆದ್ಮೇಲೆ ಇದೇನಪ್ಪಾ ಹೆಚ್ಚಿನ ಕಲಿಕೆ ಅಂತ. ನಮ್ಮ ಹುಡುಗ ಎಸ್ಸೆಸ್ಸೆಲ್ಸಿ ಡುಮ್ಕಿ ಹೊಡ್ದಾಗ ಸ್ಕೂಲಿನವರೂ ಇದೇ ಪದ ಹಾಕಿದ್ರು. ಹೆಚ್ಚಿನ ಕಲಿಕೆಗೆ ಸ್ಪೆಷಲ್ ಕ್ಲಾಸು ಅಂತ.”

ಅಷ್ಟು ಸಾಕಾಯಿತು. ಹತ್ತು ಗಂಟೆಯ ಹೊತ್ತಿಗೆ ಹಲ್ಲಿನ ಡಾಕ್ಟರುಗಳಿಗೆಲ್ಲ ಮೇಲಿನವರು ಪರೀಕ್ಷೆ ಇಟ್ಟರಂತೆ ಎಂದಾಯಿತು. ಹತ್ತೂವರೆಗೆ, ನಮ್ಮ ಡಾಕ್ಟರಿಗೆ ಹನ್ನೆರಡು ಅಂಕ ಕಡಿಮೆ ಬಂತಂತೆ ಎಂದಾಯಿತು. ಹನ್ನೆರಡು ಎಂಬ ಸಂಖ್ಯೆ ಅಷ್ಟು ಕರಾರುವಾಕ್ಕಾಗಿ ಹೊರಗೆ ಹೋದದ್ದು ಹೇಗೆಂದರೆ, ನಂದೀಶ ಅಂಕದ ಲೆಕ್ಕ ಬರೆದಿದ್ದ ತನ್ನ ಅರ್ಜಿಯನ್ನು ಜೆರಾಕ್ಸ್ ಮಾಡಿಸಿದ್ದೂ ಅಲ್ಲೇ.

ಹನ್ನೊಂದಕ್ಕೆ ಮುನಿಯಕ್ಕ ಬಂದಳು. ಎಪ್ಪತ್ತೈದು ದಾಟಿದ, ಬೀದಿಗೆಲ್ಲ ಅಜ್ಜಿಯಾದ ಹೆಂಗಸು. ನಂದೀಶ ಕಟ್ಟಿದ ಹಲ್ಲುಸೆಟ್ಟಿನಲ್ಲಿ ಹತ್ತು ವರ್ಷದಿಂದ ಚಕ್ಕುಲಿ, ಕೋಡುಬಳೆ, ಮೂಳೆ ಏನನ್ನೂ ಬಿಡದೆ ತಿಂದವಳು. ಆ ಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿ ತಂದು ಮೇಜಿನ ಮೇಲೆ ಇಟ್ಟಳು.

“ಏನಾಯ್ತು ಮುನಿಯಕ್ಕಾ, ಸಡಿಲ ಆಯ್ತಾ?”

“ಎಲ್ಲಪ್ಪಾ, ಕಲ್ಲು ಕಲ್ಲಂಗೈತೆ.”

“ಮತ್ತೆ?”

“ನೀನು ಫೇಲಾಗಿದ್ಯಂತಲ್ಲ. ಪಾಸಾದ್ಮೇಲೆ ಇನ್ನೊಂದು ಕಟ್ಟಿಕೊಡು. ಅಲ್ಲೀಗಂಟ ನಾನು ಗಂಜಿ ಕುಡ್ಕೊಂಡು ಇರ್ತೀನಿ.” ಬೊಚ್ಚುಬಾಯಲ್ಲಿ ಅದನ್ನು ಬಹಳ ಪ್ರೀತಿಯಿಂದ ಹೇಳಿದಳು. “ಚೆಂದಾಗಿ ಓದು ಮಗಾ. ಬೆಳಿಗ್ಗೆ ಬೇಗ ಎದ್ದು ಓದು.”

ಹದಿನೇಳು ವರ್ಷದಿಂದ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದ ಮಾರಕ್ಕ ಒಳಗೆ ಬಂದು ಪಿಸುಗುಟ್ಟಿದಳು. “ಸಾರ್, ಹೊರಗಡೆ ಒಬ್ರೂ ಇಲ್ಲ. ನೋವು ತಡೆಯಕ್ಕಾಗಲ್ಲ ಅಂತ ಬಂದಿದ್ರಲ್ಲ, ಅವರೂ ತಡ್ಕೋತೀನಿ ಅಂತ ಎದ್ದು ಹೋದ್ರು.”

ನಂದೀಶನಿಗೆ ಮೈ ಉರಿಯಿತು. ಇಪ್ಪತ್ತೆರಡು ವರ್ಷ ಈ ಬೀದಿಯ ಬಾಯಿಗಳನ್ನೆಲ್ಲ ನೋಡಿದ್ದಾನೆ. ಯಾರ ಮನೆಯಲ್ಲಿ ಯಾವ ಹಲ್ಲು ಅಲ್ಲಾಡುತ್ತಿದೆ ಅಂತ ಕಣ್ಣುಮುಚ್ಚಿ ಹೇಳಬಲ್ಲ. ಅಂಥವನನ್ನು ಒಂದು ಹಾಳೆ ಎರಡು ಗಂಟೆಯಲ್ಲಿ ಫೇಲು ಮಾಡಿಬಿಟ್ಟಿತಲ್ಲ! ಎದ್ದವನೇ ಬಿಳಿ ಕೋಟಿನ ಗುಂಡಿ ಹಾಕಿಕೊಂಡು ಮೆಟ್ಟಿಲ ಮೇಲೆ ಬಂದು ನಿಂತ. ಜೆರಾಕ್ಸ್ ಅಂಗಡಿಯ ಮುಂದೆ ದೊಡ್ಡಬೈರಪ್ಪನವರೂ ಸೇರಿದಂತೆ ಎಂಟು ಹತ್ತು ಜನ ಇದ್ದರು.

“ನೋಡಿ ಸ್ವಾಮಿ” ಎಂದು ಶುರುಮಾಡಿದ. “ನಾನು ಯಾವ ಪರೀಕ್ಷೆಯಲ್ಲೂ ಫೇಲಾಗಿಲ್ಲ. ನನಗೆ ಹೊಸದಾಗಿ ಕಲಿಯೋದು ಏನೂ ಇಲ್ಲ. ಅಲ್ಲಿ ಪಾಠ ಮಾಡೋರಿಗೆ ಬೇಕಾದ್ರೆ ನಾನೇ ಪಾಠ ಮಾಡ್ತೀನಿ. ಇದು ಮೇಲಿನಿಂದ ಬಂದಿರೋ ರೂಲು. ಚಿಕ್ಕೋರು ದೊಡ್ಡೋರು ಅಂತಿಲ್ಲ, ನಮಗೆ ಪಾಠ ಹೇಳಿದ ಮೇಷ್ಟ್ರುಗಳೂ ಹೋಗಲೇಬೇಕು. ಪಟ್ಟಿಯಲ್ಲಿ ಹೆಸರು ಬಂದಿದೆ. ಹೋಗೋದು, ಸೈನು ಹಾಕೋದು, ಬರೋದು. ಅಷ್ಟೇ.”

ಶ್ರೀಹರಿ ಕೇಳಿದ: “ಅಂದ್ರೆ ಎಲೆಕ್ಷನ್ ಡ್ಯೂಟಿ ಥರಾನಾ ಸರ್?”

ಎಷ್ಟು ಚೆನ್ನಾದ ಹೋಲಿಕೆ! ಅದು ತನಗೇ ಹೊಳೆಯಲಿಲ್ಲವಲ್ಲ ಅನ್ನಿಸಿತು ನಂದೀಶನಿಗೆ. “ಹಾಂ! ಕರೆಕ್ಟು. ಅದೇ ಥರ ಅಂತ ಇಟ್ಕೊಳ್ಳಿ.”

ಗುಂಪಿನ ಮುಖವೇ ಬದಲಾಯಿತು. ಫೇಲಾದವನನ್ನು ಕಂಡರೆ ಜನಕ್ಕೆ ಅನುಮಾನ, ಡ್ಯೂಟಿ ಬಿದ್ದವನನ್ನು ಕಂಡರೆ ಅಯ್ಯೋ ಪಾಪ. “ಛೆ ಛೆ, ಒಳ್ಳೇರಿಗೇ ಹಿಂಗೆಲ್ಲ ಹಾಕ್ತಾರೆ” ಎಂದರು ಒಬ್ಬರು. “ಎಲ್ಲಿಗೆ ಹಾಕಿದಾರೆ ಸಾರ್, ದೂರಾನಾ?” ಎಂದರು ಇನ್ನೊಬ್ಬರು. “ದೂರಾನೇ” ಎಂದು ನಂದೀಶ ಮುಖ ಸಪ್ಪೆ ಮಾಡಿದ. ಮುನಿಯಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು, ಒಳಗೆ ಹೋಗಿ ಮೇಜಿನ ಮೇಲಿದ್ದ ಕರ್ಚೀಫು ಬಿಚ್ಚಿ ಸೆಟ್ಟನ್ನು ಬಾಯಿಗೆ ಹಾಕಿಕೊಂಡಳು. ಎದ್ದು ಹೋದವರೆಲ್ಲ ಒಬ್ಬೊಬ್ಬರಾಗಿ ವಾಪಸು ಬಂದು ಬೆಂಚಿನ ಮೇಲೆ ಕೂತರು. ಮಾತಿನ ಬಲ ನೋಡಿ ಎಂದುಕೊಂಡು ನಂದೀಶ ಕೈತೊಳೆದ.

ಹನ್ನೆರಡೂವರೆಗೆ ದೊಡ್ಡಬೈರಪ್ಪನವರು ಕುರ್ಚಿಯ ಮೇಲೆ ಒರಗಿದ್ದರು. ಇಂಜೆಕ್ಷನ್ ಆಗಿ ಎಡಗೆನ್ನೆ, ಅರ್ಧ ತುಟಿ, ಅರ್ಧ ನಾಲಿಗೆ ಮರಗಟ್ಟಿತ್ತು. ಅದೇ ಹೊತ್ತಿಗೆ ಶಾಲೆ ಮುಗಿಸಿದ ಮೀನಾ ಗಾಂಧಿಬಜಾರಿಗೆ ಹೋಗಿ, ಸಮುದ್ರದ ಬಿಸಿಲಿಗೆ ಬೇಕಾಗುತ್ತದೆ ಅಂತ ಅಗಲ ಅಂಚಿನ ಹುಲ್ಲಿನ ಹ್ಯಾಟೊಂದನ್ನು ಕೊಂಡು, ಗಂಡನಿಗೆ ತೋರಿಸಲು ನಗುನಗುತ್ತ ಕ್ಲಿನಿಕ್ಕಿಗೆ ಬಂದಳು. ಹ್ಯಾಟು ತಲೆಯ ಮೇಲೇ ಇತ್ತು. ಬಾಗಿಲ ಹತ್ತಿರ ಬಂದವಳು ಹಾಳೆಯನ್ನು ಓದಿದಳು.

ಒಳಗೆ ಬಂದಾಗ ಅವಳ ಮುಖ ನೋಡಿ ಮಾರಕ್ಕ ಕೈಲಿದ್ದ ಹತ್ತಿಯನ್ನು ಕೆಳಗೆ ಬೀಳಿಸಿದಳು.

“ರೀ, ಒಂದು ನಿಮಿಷ ಬನ್ನಿ ಇಲ್ಲಿ.”

ಕುರ್ಚಿಗೂ ಎಕ್ಸ್‌ರೇ ಮಷಿನ್ನಿಗೂ ನಡುವೆ ಒಂದು ಪ್ಲೈವುಡ್ಡಿನ ಮರೆ ಇತ್ತು. ಗಂಡಹೆಂಡಿರು ಅದರ ಹಿಂದೆ ನಿಂತರು. ಪ್ಲೈವುಡ್ಡಿನಿಂದ ಮಾನ ಮುಚ್ಚುತ್ತದೆಯೇ ಹೊರತು ಮಾತು ನಿಲ್ಲುವುದಿಲ್ಲ.

“ಇದೇನು ಹೆಚ್ಚಿನ ಕಲಿಕೆ?”

“ಅದು... ಬೀದಿಯವರಿಗೆ ಸುಮ್ನೆ...”

“ಸುಮ್ನೆ ಏನಲ್ಲ. ಶ್ರೀಹರಿ ಹೇಳಿದ್ರು. ಟ್ರೇನಿಂಗಂತೆ, ಪಟ್ಟಿಯಲ್ಲಿ ಹೆಸರಂತೆ. ಅಂದ್ರೆ ಹಡಗಲ್ಲೂ ಕ್ಲಾಸಾ? ದಾವಣಗೆರೆ ಥರಾನಾ? ಅಲ್ಲಾದ್ರೂ ಬಸ್‌ಸ್ಟ್ಯಾಂಡ್ ಇತ್ತು. ಇಲ್ಲಿ ಕಿಟಕಿ ತೆಗೆದ್ರೆ ಬರೀ ನೀರು!” ಅವಳ ದನಿ ಒಡೆಯಿತು. “ಇಪ್ಪತ್ತೆರಡು ವರ್ಷದಲ್ಲಿ ನಾನು ನಿಮ್ಮನ್ನ ಏನಾದ್ರೂ ಕೇಳಿದೀನಾ? ಈ ಸಲ ನೀವೇ ಕರೆದ್ರಿ ಅಂತ ಎಷ್ಟು ಖುಷಿಯಾಗಿತ್ತು ಗೊತ್ತಾ?”

ಅವಳು ತಲೆಯ ಮೇಲಿನ ಹ್ಯಾಟು ತೆಗೆಯುವುದನ್ನೂ ಮರೆತು ಅಳುತ್ತಿದ್ದಳು. ಪೂರ್ತಿ ನಿಜ ಹೇಳಲು ಅದು ಒಳ್ಳೆಯ ಗಳಿಗೆ. ಆದರೆ ಆಚೆ ಬೆಂಚಿನ ತುಂಬ ಜನ. ನೋಂದಣಿ ಮುಗಿಯುತ್ತಿದೆ ಎಂಬ ಮಾತು ಅವರ ಕಿವಿಗೆ ಬಿದ್ದರೆ ಗತಿಯೇನು? ಹೀಗಾಗಿ ಅವನು ಮತ್ತೆ ತನ್ನ ಮಾತಿನ ಬಲವನ್ನೇ ನಂಬಿದ.

“ಮೀನಾ, ನನಗೇನು ಆ ಕ್ಲಾಸಿಗೆ ಹೋಗೋಕೆ ಆಸೆ ಅಂದ್ಕೊಂಡಿದೀಯಾ? ಒಂದು ಚೂರೂ ಇಲ್ಲ. ಯಾರೋ ಪಟ್ಟಿಯಲ್ಲಿ ಹೆಸರು ಹಾಕಿದಾರೆ, ಏನು ಮಾಡ್ಲಿ ಹೇಳು? ಯಾರಾದ್ರೂ ಪುಣ್ಯಾತ್ಮರು ಆ ಪಟ್ಟಿಯಿಂದ ನನ್ನ ಹೆಸರು ತೆಗೆಸಿಬಿಟ್ರೆ ಅವರ ಕಾಲಿಗೆ ಬೀಳ್ತೀನಿ. ನಿನ್ನಾಣೆ.”

ಮೀನಾ ಮೂಗು ಒರೆಸಿಕೊಂಡು ಹೊರಟುಹೋದಳು. ನಂದೀಶ ಮರೆಯಿಂದ ಈಚೆ ಬಂದಾಗ ಕುರ್ಚಿಯಲ್ಲಿ ಒರಗಿದ್ದ ದೊಡ್ಡಬೈರಪ್ಪನವರು ಅವನನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ನೀರು. ಇಂಜೆಕ್ಷನ್ನಿನ ಪ್ರಭಾವ ಅಂದುಕೊಂಡು ನಂದೀಶ ಕೆಲಸ ಮುಂದುವರಿಸಿದ. ಮುಗಿದ ಮೇಲೆ ಅವರು ಎದ್ದು, ಏನೋ ಹೇಳಲು ಹೋಗಿ, ನಾಲಿಗೆ ತಿರುಗದೆ, ಅವನ ಭುಜದ ಮೇಲೆ ಕೈಯಿಟ್ಟು ಎರಡು ಸಲ ತಟ್ಟಿದರು. ಆಮೇಲೆ ಅಭಯಹಸ್ತ ತೋರಿಸಿ ಹೊರಟರು. ನೋವಿಲ್ಲದಂತೆ ಕೆಲಸ ಮಾಡಿದ್ದಕ್ಕೆ ಮೆಚ್ಚುಗೆ ಇರಬೇಕು ಎಂದುಕೊಂಡು ನಂದೀಶ ಮುಂದಿನವರನ್ನು ಕರೆದ.

ಮೂರು ಗಂಟೆಗೆ ಕ್ಲಿನಿಕ್ ಮುಚ್ಚಿ, ಫೋನನ್ನು ಸೈಲೆಂಟಿಗೆ ಹಾಕಿ, ಎರಡು ಕ್ರಾಸು ಆಚೆಗಿದ್ದ ಮನೆಗೆ ಹೋದ. ಮೀನಾ ಸೂಟ್‌ಕೇಸಿನಿಂದ ತನ್ನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಬೀರುವಿನಲ್ಲಿ ಇಡುತ್ತಿದ್ದಳು. ನಂದೀಶ ಮಂಚದ ತುದಿಯಲ್ಲಿ ಕೂತು, ಆ ದಿನ ಮೊದಲ ಬಾರಿಗೆ ಯಾವ ಚಾತುರ್ಯವೂ ಇಲ್ಲದೆ ಎಲ್ಲವನ್ನೂ ಹೇಳಿದ. ಅಂಕ ಕಡಿಮೆ ಬಿದ್ದದ್ದು, ಮೂವತ್ತೊಂದರ ಗಡುವು, ಊಟ ಸೇರದ ಎರಡು ದಿನ, ದಾವಣಗೆರೆಯ ಭಯ.

ಮೀನಾ ಕೈಲಿದ್ದ ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದಳು. “ಇದನ್ನ ಮೊದಲೇ ಹೇಳಿದ್ರೆ ನಾನೇ ನಿಮ್ಮನ್ನ ಕ್ಲಾಸಿಗೆ ಕಳಿಸ್ತಿರಲಿಲ್ವಾ? ಕ್ಲಿನಿಕ್ ಅಂದ್ರೆ ನಿಮ್ಮೊಬ್ಬರದೇನಾ? ಅದನ್ನ ಶುರುಮಾಡಿದ ದಿನ ಕಸ ಗುಡಿಸಿದ್ದು ನಾನು.”

“ತಪ್ಪಾಯ್ತು.”

“ಬೆಳಿಗ್ಗೆ ಎರಡು ಗಂಟೆ ಕ್ಲಾಸು. ಆಮೇಲೆ ಫೋನಿಲ್ಲ, ಡಾಕ್ಟರ್ ಫ್ರೆಂಡ್ಸ್ ಇಲ್ಲ, ಇಡೀ ದಿನ ನನ್ನ ಜೊತೆ. ಒಪ್ಪಿಗೇನಾ?”

“ಒಪ್ಪಿಗೆ.”

ಬಟ್ಟೆಗಳು ಮತ್ತೆ ಸೂಟ್‌ಕೇಸಿಗೆ ಇಳಿದವು. ಸಂಜೆಯ ಹೊತ್ತಿಗೆ ನಂದೀಶನಷ್ಟು ನೆಮ್ಮದಿಯ ಮನುಷ್ಯ ಚಾಮರಾಜಪೇಟೆಯಲ್ಲಿ ಇನ್ನೊಬ್ಬನಿರಲಿಲ್ಲ. ಹೆಂಡತಿಗೂ ಸಮಾಧಾನ, ಬೀದಿಗೂ ಸಮಾಧಾನ, ಹನ್ನೆರಡು ಅಂಕ ಕೈಗೆಟುಕುವಷ್ಟು ಹತ್ತಿರ. ಬೆಳಗಿನ ಜಾವಕ್ಕೆ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಹೇಳಿದ್ದಾಗಿತ್ತು. ಕನ್ನಡಿಯ ಮುಂದೆ ನಿಂತು, ಹಡಗಿನ ಕಟಕಟೆಗೆ ಒರಗಿದರೆ ಹೇಗೆ ಕಾಣುತ್ತೇನೆ ಅಂತ ಬಾಗಿಲ ಚೌಕಟ್ಟಿಗೆ ಒರಗಿ ನೋಡಿಕೊಂಡ.

ಏಳು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ದೊಡ್ಡಬೈರಪ್ಪನವರು ಮುಂದೆ, ಹಿಂದೆ ಮುನಿಯಕ್ಕ, ಅವಳ ಹಿಂದೆ ಸ್ವೀಟ್ ಬಾಕ್ಸ್ ಹಿಡಿದ ಶ್ರೀಹರಿ. ಬೀಳ್ಕೊಡಲು ಬಂದಿದ್ದಾರೆ ಅಂದುಕೊಂಡು ನಂದೀಶನ ಎದೆ ತುಂಬಿ ಬಂತು.

“ಬನ್ನಿ ಬನ್ನಿ ಸಾರ್, ಕೂತ್ಕೊಳ್ಳಿ. ಮರಗಟ್ಟಿದ್ದು ಬಿಡ್ತಾ?”

“ಮೂರು ಗಂಟೆಗೇ ಬಿಡ್ತು. ಬಾಯಿ ಬಂದ ತಕ್ಷಣ ಮಾಡಿದ ಮೊದಲನೇ ಕೆಲಸ ನಿಮ್ಮದೇ.” ದೊಡ್ಡಬೈರಪ್ಪನವರು ಸೋಫಾದಲ್ಲಿ ಕೂತು, ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟುಕೊಂಡು, ಮೀನಾಳ ಕಡೆ ತಿರುಗಿದರು. “ಅಮ್ಮಾ, ಇನ್ನು ಕಣ್ಣೀರು ಹಾಕ್ಬೇಡಿ. ನಿಮ್ಮ ಯಜಮಾನರ ಹೆಸರು ತೆಗೆಸಿಬಿಟ್ಟಿದೀನಿ.”

ಮೀನಾಳ ಕೈಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು.

“ಎಲ್ಲಿಂದ ಸಾರ್?” ಎಂದ ನಂದೀಶ.

“ಆ ಟ್ರೇನಿಂಗ್ ಪಟ್ಟಿಯಿಂದ! ನೀವು ಮರೆ ಹಿಂದೆ ಹೇಳ್ತಿದ್ರಲ್ಲ, ಎಲ್ಲಾ ಕೇಳಿಸ್ತು. ಡ್ಯೂಟಿ ಅಂತ ಸಮುದ್ರದ ಮೇಲೆ ಹಡಗಿಗೆ ಹಾಕಿದಾರಲ್ಲ, ಕರುಳು ಕಿತ್ತು ಬಂತು ಡಾಕ್ಟ್ರೇ. ವಿಚಾರಿಸಿದೆ, ಪಟ್ಟಿ ಮಾಡೋರು ಯಾರು ಅಂತ. ನೋಡಿದ್ರೆ ನಮ್ಮ ನಿತೀಶ್ ಡಾಕ್ಟ್ರು! ತ್ಯಾಗರಾಜನಗರದಲ್ಲಿ ನಮ್ಮ ಕಟ್ಟಡದಲ್ಲೇ ಅವರ ಕ್ಲಿನಿಕ್ಕು. ಒಂದೇ ಫೋನು. ಮೊದಲು ಆಗಲ್ಲ ಅಂದ್ರು, ನಾನು ಬಿಡ್ಲಿಲ್ಲ. ಕಾರಣ ಏನು ಕೊಡ್ಲಿ ಅಂದ್ರು. ಹಲ್ಲಿನ ಡಾಕ್ಟ್ರಿಗೆ ಜ್ವರ ಅಂದ್ರೆ ಯಾರು ನಂಬ್ತಾರೆ? ವಿಪರೀತ ಹಲ್ಲುನೋವು, ಬಾಯೇ ತೆಗೆಯೋಕಾಗ್ತಿಲ್ಲ ಅಂತ ಹೇಳ್ದೆ.”

ನಂದೀಶನ ಬಾಯಿ ಮಾತ್ರ ತೆರೆದೇ ನಿಂತುಬಿಟ್ಟಿತ್ತು. ಫೋನು ಎತ್ತಿಕೊಂಡು ನೋಡಿದ. ನಿತೀಶರಿಂದ ಐದು ತಪ್ಪಿದ ಕರೆ. ಬಳಗದ ವಾಟ್ಸಾಪ್ ಗುಂಪಿನಲ್ಲಿ ‘ಡಾ. ನಂದೀಶ್ ಬೇಗ ಗುಣಮುಖರಾಗಲಿ’ ಎಂದು ನಲವತ್ತು ಜನ ಕೈಮುಗಿದಿದ್ದರು. ತಕ್ಷಣ ನಿತೀಶರಿಗೆ ಕರೆ ಮಾಡಿದ.

“ಏನ್ರೀ ನಂದೀಶ್, ಈಗ ಬಾಯಿ ತೆಗೆಯೋಕೆ ಆಗ್ತಿದೆಯಾ?” ಎಂದರು ನಿತೀಶ್. “ಯೋಚನೆ ಮಾಡ್ಬೇಡಿ, ನಿಮ್ಮ ದುಡ್ಡು ವಾಪಸು ಬರುತ್ತೆ. ನಿಮ್ಮ ಜಾಗ ಖಾಲಿ ಅಂತ ಹಾಕಿದ ಐದೇ ನಿಮಿಷಕ್ಕೆ ಶಿವರಂಜಿನಿ ಡಾಕ್ಟ್ರು ತಗೊಂಡ್ರು. ಅವರೂ ಅಂಕ ಇಲ್ದೆ ಒದ್ದಾಡ್ತಿದ್ರು ಪಾಪ.”

“ನಾನು ಬರ್ತೀನಿ ಸರ್! ನನಗೇನೂ ಆಗಿಲ್ಲ! ಮತ್ತೆ ಸೇರಿಸ್ಕೊಳ್ಳಿ!”

“ಇನ್ನು ಹೆಂಗ್ರೀ ಆಗುತ್ತೆ? ಐದು ಗಂಟೆಗೆ ಹಡಗಿನವರು ಪ್ರಯಾಣಿಕರ ಪಟ್ಟಿ ಮುಚ್ಚಿಬಿಟ್ರು. ಇನ್ನು ನನ್ನ ಹೆಸರು ಬೇಕಾದ್ರೂ ಬದಲಾಯಿಸೋಕಾಗಲ್ಲ. ಅಂದ ಹಾಗೆ, ಮೇಡಮ್ ಹೆಸರು ಹಾಗೇ ಇದೆ. ಅವರಿಗೂ ಶಿವರಂಜಿನಿ ಡಾಕ್ಟ್ರಿಗೂ ಒಂದೇ ಕೊಠಡಿ ಆಗುತ್ತೆ, ಹೇಳಿಬಿಡಿ.”

ಫೋನು ಸ್ಪೀಕರಿನಲ್ಲಿತ್ತು. ಎಲ್ಲರಿಗೂ ಕೇಳಿಸಿತು. ನಂದೀಶ ನಿಧಾನವಾಗಿ ಹೆಂಡತಿಯ ಕಡೆ ನೋಡಿದ. ಮೀನಾ ಗಂಡನ ಮುಖ ನೋಡಿದಳು, ಸೂಟ್‌ಕೇಸು ನೋಡಿದಳು. ಅವಳಿಗೆ ಬೇಜಾರಾಗಿದ್ದು ನಿಜ. ಅದು ಮುಖದಲ್ಲಿ ಕಾಣುತ್ತಿತ್ತು. ಆದರೆ ಇಪ್ಪತ್ತೆರಡು ವರ್ಷದ ಮೇಲೆ ಬಾಗಿಲಿಗೆ ಬಂದ ಸಮುದ್ರವೂ ಅಷ್ಟೇ ನಿಜ.

“ನೀನೂ ಬಿಟ್ಬಿಡು ಮೀನಾ. ಮುಂದಿನ ವರ್ಷ ಇಬ್ರೂ ಹೋಗೋಣ” ಎಂದ.

“ನನ್ನ ಹೆಸರು ಈ ಸಲ ಯಾರೂ ತೆಗೆಸಿಲ್ವಲ್ಲ” ಎಂದಳು ಮೀನಾ, ಮೆಲ್ಲಗೆ, ಆದರೆ ಖಚಿತವಾಗಿ. “ಶಿವರಂಜಿನಿ ಬೆಳಿಗ್ಗೆ ಕ್ಲಾಸಿಗೆ ಹೋಗ್ತಾರೆ, ನಾನು ಹಾಯಾಗಿ ಸಮುದ್ರ ನೋಡ್ಕೊಂಡು ಕೂತಿರ್ತೀನಿ. ಫ್ರಿಜ್ಜಿನಲ್ಲಿ ಎರಡು ದಿನಕ್ಕೆ ಹುಳಿ ಇದೆ.” ಹೀಗೆಂದು ಒಳಗೆ ಹೋಗಿ, ಸೂಟ್‌ಕೇಸಿನಿಂದ ಗಂಡನ ಅಂಗಿಗಳನ್ನು ತೆಗೆದು ಮಂಚದ ಮೇಲೆ ಜೋಡಿಸತೊಡಗಿದಳು.

ಶ್ರೀಹರಿ ಸ್ವೀಟ್ ಬಾಕ್ಸ್ ತೆಗೆದು ಎಲ್ಲರಿಗೂ ಹಂಚಿದ. ಮುನಿಯಕ್ಕ ಮೈಸೂರುಪಾಕನ್ನು ಕಟಕ್ಕನೆ ಕಡಿದು, “ಡ್ಯೂಟಿ ತಪ್ಪಿತಲ್ಲ ಮಗಾ, ಇನ್ನೇನು, ಸೋಮವಾರ ನಾನೂ ಬತ್ತೀನಿ” ಎಂದಳು. ಆರು ದಿನ ತಡೆದುಕೊಳ್ಳುತ್ತೇವೆ ಎಂದಿದ್ದವರೆಲ್ಲ ಸೋಮವಾರಕ್ಕೆ ಹೆಸರು ಬರೆಸಿದ್ದಾರೆ ಅಂತ ಶ್ರೀಹರಿಯೂ ಸಿಹಿಸುದ್ದಿ ಕೊಟ್ಟ. ನಂದೀಶ ಏನನ್ನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅವನ ಕಣ್ಣ ಮುಂದೆ ಜನವರಿ ಒಂದು ಬಂದು ನಿಂತಿತ್ತು. ಕುರ್ಚಿ, ಇಂಜೆಕ್ಷನ್ನು, ಬೋರ್ಡು ಎಲ್ಲ ಇದ್ದೂ ಯಾರ ಬಾಯಿಗೂ ಕೈಹಾಕಲಾರದ ಜನವರಿ ಒಂದು.

“ಯಾಕೆ ಡಾಕ್ಟ್ರೇ, ಖುಷಿಯಾಗ್ಲಿಲ್ವಾ?” ಎಂದರು ದೊಡ್ಡಬೈರಪ್ಪನವರು. “ಕಾಲಿಗೆ ಬೀಳೋದೇನೂ ಬೇಡ. ಅದೆಲ್ಲ ಮಾತಿಗೆ ಹೇಳೋದು.”

ಎಲ್ಲವನ್ನೂ ಹೇಳಿಬಿಡಬೇಕು ಎಂದುಕೊಂಡು ನಂದೀಶ ಬಾಯಿ ತೆರೆದ. ಆದರೆ ದಿನವೆಲ್ಲ ಮಾತಾಡಿ ಮಾತಾಡಿ, ಈಗ ಬೇಕಾದಾಗ ದನಿಯೇ ಹೊರಡಲಿಲ್ಲ. ಕಣ್ಣು ತುಂಬಿಕೊಂಡು, ತುಂಡು ತುಂಡಾಗಿ ಇಷ್ಟೇ ಹೇಳಿದ. “ಸಾರ್... ಕೌನ್ಸಿಲ್ಲು... ಅವರ ಪಟ್ಟಿಯಲ್ಲಿ ನನ್ನ ಹೆಸರಿದೆ ಸಾರ್... ಮೂವತ್ತೊಂದನೇ ತಾರೀಖು...”

ಮುಂದಕ್ಕೆ ಹೋಗಲು ದೊಡ್ಡಬೈರಪ್ಪನವರು ಬಿಡಲಿಲ್ಲ. ತಟ್ಟೆ ಕೆಳಗಿಟ್ಟು, ಅವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

“ಅಲ್ಲೂ ಹಾಕಿದಾರಾ ನಿಮ್ಮ ಹೆಸರನ್ನ? ಎಂಥಾ ಜನ ಅಂತೀನಿ! ಅಳಬೇಡಿ, ನಾನಿದೀನಿ. ಮೂವತ್ತೊಂದರವರೆಗೆ ಯಾಕೆ ಕಾಯ್ಬೇಕು? ಸೋಮವಾರ ಆಫೀಸು ತೆಗೀತಿದ್ದ ಹಾಗೆ ಅಲ್ಲಿಂದಲೂ ತೆಗೆಸಿಬಿಡ್ತೀನಿ.”